ನೆಲದ ಹಾದಿಯಲ್ಲಿ ಕೊಚ್ಚಿಗೆ

ಮುಂಬಯಿಯಿಂದ ಕೊಚ್ಚಿಗೆ ವಿಮಾನದಲ್ಲಿ ಸುಮಾರು ಎರಡು ಗಂಟೆ. ನಾನು ಮೂರು ದಿನ ತೆಗೆದುಕೊಂಡೆ. ಬೆನ್ನಿಗೊಂದು ಚೀಲ, ರೈಲು, ಬಸ್ಸು, ಕೊನೆಗೆ ಬೋಟು. ಪರೀಕ್ಷೆ ಮುಗಿದಿತ್ತು, ಕೈಯಲ್ಲಿ ಹಣ ಕಡಿಮೆಯಿತ್ತು. ಆದರೆ ಹೊರಟದ್ದಕ್ಕೆ ಬೇರೆ ಕಾರಣವೂ ಇತ್ತು. ಕೊಚ್ಚಿಯಲ್ಲಿ ನನ್ನ ದೊಡ್ಡಪ್ಪಯ್ಯ ಇದ್ದಾರೆ. ಊರಿನ ಮನೆ ಮಾರಿದ ಲೆಕ್ಕದಲ್ಲಿ ಅವರಿಗೂ ಅಪ್ಪಯ್ಯನಿಗೂ ಮನಸ್ತಾಪವಾಗಿ ಹನ್ನೊಂದು ವರ್ಷಗಳಿಂದ ಮಾತಿಲ್ಲ. ನಾನು ಹೊರಟಾಗ ಅಪ್ಪಯ್ಯ ಬೇಡವೆನ್ನಲಿಲ್ಲ. ಬಾಗಿಲಲ್ಲಿ ನಿಂತು, "ಅಣ್ಣನಿಗೆ ಬಿ.ಪಿ. ಇದೆಯಂತೆ, ಹೇಗಿದ್ದಾನೆ ನೋಡು" ಎಂದರು. ಅಷ್ಟೇ.

ಕುರ್ಲಾ ಟರ್ಮಿನಸ್ಸಿನಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹಿಡಿದೆ. 1998ರ ಜನವರಿ 26ರಂದು ಕೊಂಕಣ ರೈಲು ಪೂರ್ಣವಾಗಿ ತೆರೆಯುವ ಮೊದಲು ನಮ್ಮ ಹಿರಿಯರು ಊರಿಗೆ ಹೋಗಲು ಹಗಲೂ ರಾತ್ರಿ ಬಸ್ಸಿನಲ್ಲಿ ಕುಲುಕಾಡಬೇಕಿತ್ತು. ಈಗ ರತ್ನಾಗಿರಿಯ ಬಳಿ ಆರೂವರೆ ಕಿಲೋಮೀಟರ್ ಉದ್ದದ ಸುರಂಗವನ್ನು ದಾಟುವುದು ಯಾರ ಗಮನಕ್ಕೂ ಬರುವುದಿಲ್ಲ. ಹೊನ್ನಾವರದ ಶರಾವತಿ ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ನಾವು ದಾಟಿದಾಗ ಇನ್ನೂ ಕತ್ತಲೆ.

ಬೆಳಕು ಹರಿಯುವಾಗ ಕುಂದಾಪುರದಲ್ಲಿ ಇಳಿದು, ಬಸ್ಸಿನಲ್ಲಿ ನಮ್ಮ ಹಳ್ಳಿಗೆ ಹೋದೆ. ಮನೆ ಈಗ ಬೇರೆಯವರದು. ಹಂಚಿನ ಮಾಡು ಹೋಗಿ ಟೆರೇಸ್ ಬಂದಿದೆ. ಬಾವಿಕಟ್ಟೆ ಮಾತ್ರ ಹಾಗೆಯೇ ಇದೆ. ಅವರು ಯಾರ ಮಗನೆಂದು ಕೇಳಿ, ಬೆಲ್ಲ ನೀರು ಕೊಟ್ಟರು. ಬಾವಿಯ ಒಂದು ಫೋಟೋ ತೆಗೆದುಕೊಂಡು ಮಂಗಳೂರಿನ ಬಸ್ಸು ಹತ್ತಿದೆ.

ಆ ರಾತ್ರಿ ಕಾಸರಗೋಡಿನಲ್ಲಿ ತಂಗಿದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಇದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಇಂದಿಗೂ ಅಂಗಡಿಗಳ ಬೋರ್ಡುಗಳಲ್ಲಿ ಮಲಯಾಳದ ಜೊತೆ ಕನ್ನಡ ಕಾಣುತ್ತದೆ. ಮರುದಿನ ನೋಡಿದ ಬೇಕಲದ ಕೋಟೆ ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದ ನಡುವಿನಲ್ಲಿ ಕಟ್ಟಿಸಿದ್ದು. ಮುರಕಲ್ಲಿನ ಗೋಡೆಗಳು, ಕೆಳಗೆ ಸಮುದ್ರ. ಅಲ್ಲಿಂದ ರೈಲಿನಲ್ಲಿ, ಪೋರ್ಚುಗೀಸರು 1505ರಲ್ಲಿ ಕೋಟೆ ಕಟ್ಟಿದ ಕಣ್ಣೂರು, 1954ರವರೆಗೂ ಫ್ರೆಂಚರ ಕೈಯಲ್ಲಿದ್ದ ಮಾಹೆ ದಾಟಿ ಎರ್ನಾಕುಲಂ ಸೇರಿದೆ. ಸಂಜೆಯ ಬೋಟಿನಲ್ಲಿ ಫೋರ್ಟ್ ಕೊಚ್ಚಿ.

ದೊಡ್ಡಪ್ಪಯ್ಯ ಜೆಟ್ಟಿಯಲ್ಲೇ ನಿಂತಿದ್ದರು. "ಬಂದ್ಯಾ ಮಾಣಿ? ಉಂಡ್ಯಾ?" ಎಂದರು. ಅಪ್ಪಯ್ಯನ ಧ್ವನಿಯೇ! 1974ರಲ್ಲಿ ಎರ್ನಾಕುಲಂನ ಉಡುಪಿ ಹೋಟೆಲೊಂದಕ್ಕೆ ಲೋಟ ತೊಳೆಯಲು ಬಂದವರು ಈಗ ಮಟ್ಟಂಚೇರಿಯಲ್ಲಿ ಸ್ವಂತ ಊಟದ ಮೆಸ್ ನಡೆಸುತ್ತಾರೆ. ಅವರ ಮಗಳು ಅಕ್ಕ ಕುಂದಾಪುರ ಕನ್ನಡ ಚೆನ್ನಾಗಿ ಆಡುತ್ತಾಳೆ, ಓದಲು ಬರುವುದು ಮಲಯಾಳ. ನನಗೆ ದೇವನಾಗರಿ ಸಲೀಸು, ಕನ್ನಡ ಅಕ್ಷರ ತಡವರಿಕೆ. ಇಬ್ಬರೂ ನಕ್ಕೆವು.

ಮರುದಿನ ದೊಡ್ಡಪ್ಪಯ್ಯನೇ ಊರು ತೋರಿಸಿದರು. ಪೋರ್ಚುಗೀಸರು 1503ರಲ್ಲಿ ಇಲ್ಲಿ ಕೋಟೆ ಕಟ್ಟಿದರು. 1663ರಲ್ಲಿ ಡಚ್ಚರು, 1795ರಲ್ಲಿ ಇಂಗ್ಲಿಷರು ಊರನ್ನು ಹಿಡಿದರು. ಮಟ್ಟಂಚೇರಿಯ ಅರಮನೆಯನ್ನು ಪೋರ್ಚುಗೀಸರು ಕಟ್ಟಿಸಿ ಕೊಚ್ಚಿಯ ಅರಸನಿಗೆ ಕೊಟ್ಟದ್ದು ಸುಮಾರು 1555ರಲ್ಲಿ. ದುರಸ್ತಿ ಮಾಡಿಸಿದವರು ಡಚ್ಚರಾದ್ದರಿಂದ ಹೆಸರು ಡಚ್ ಅರಮನೆ. ಒಳಗೆ ಗೋಡೆಯ ತುಂಬ ರಾಮಾಯಣದ ಚಿತ್ರಗಳು. ದಡದಲ್ಲಿ ಚೀನಾ ಬಲೆಗಳು: ಉದ್ದನೆಯ ತೊಲೆಯ ಒಂದು ತುದಿಗೆ ಬಲೆ, ಇನ್ನೊಂದಕ್ಕೆ ಹಗ್ಗದಲ್ಲಿ ಕಟ್ಟಿದ ಭಾರದ ಕಲ್ಲುಗಳು. ನಾಲ್ಕೈದು ಮಂದಿ ಜಗ್ಗಿದರೆ ಬಲೆ ಮೇಲೇಳುತ್ತದೆ. ಸಿಕ್ಕಿದ್ದು ಹಿಡಿ ಮೀನು.

ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ವಾಸ್ಕೋ ಡ ಗಾಮನನ್ನು ಹೂಳಿದ್ದ ಜಾಗವಿದೆ. 1524ರಲ್ಲಿ ಅವನು ಕೊಚ್ಚಿಯಲ್ಲಿ ಸತ್ತ. 1539ರಲ್ಲಿ ಅವಶೇಷಗಳನ್ನು ಪೋರ್ಚುಗಲ್ಲಿಗೆ ಕೊಂಡೊಯ್ದರು. ದೊಡ್ಡಪ್ಪಯ್ಯ ಕಲ್ಲನ್ನೇ ನೋಡುತ್ತ ಹೇಳಿದರು: "ಹದಿನೈದು ವರ್ಷ ಕಳೆದ ಮೇಲಾದರೂ ಅವನ ಊರಿನವರು ಬಂದರು. ನನ್ನ ತಮ್ಮ ನಾನು ಬದುಕಿದ್ದಾಗಲೂ ಬರುವುದಿಲ್ಲ."

ನನಗೆ ಉತ್ತರ ಹೊಳೆಯಲಿಲ್ಲ. ಬಾವಿಯ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದರು. "ಈ ಕಟ್ಟೆಗೆ ಕಲ್ಲು ಹೊತ್ತದ್ದು ನಾವಿಬ್ಬರೂ" ಎಂದರು.

ರಾತ್ರಿ ಮನೆಗೆ ಫೋನ್ ಮಾಡಿ, ಏನೂ ಹೇಳದೆ ದೊಡ್ಡಪ್ಪಯ್ಯನ ಕೈಗೆ ಕೊಟ್ಟೆ. ಮೊದಲು ಇಬ್ಬರೂ ಸುಮ್ಮನಿದ್ದರು. ಆಮೇಲೆ ಬಿ.ಪಿ. ಮಾತ್ರೆಯ ಮಾತು, ಮಳೆಯ ಮಾತು, ಬಾವಿಯ ಮಾತು. ಮನೆಯ ಲೆಕ್ಕ ಇನ್ನೂ ಬಗೆಹರಿದಿಲ್ಲ. ಆದರೆ ಈಗ ಪ್ರತಿ ಭಾನುವಾರ ಫೋನ್ ಬರುತ್ತದೆ.

ಗೆಳೆಯರೇ, ನಮ್ಮಲ್ಲಿ ಅನೇಕರ ಬಂಧುಗಳು ಹೀಗೆ ಊರೂರುಗಳಲ್ಲಿ ಚದುರಿದ್ದಾರೆ. ಒಂದು ಸಲ ನೆಲದ ಹಾದಿಯಲ್ಲೇ ಹೋಗಿ ಬನ್ನಿ. ಮಳೆಗಾಲದಲ್ಲಿ ಕೊಂಕಣ ರೈಲು ನಿಧಾನ, ವೇಳಾಪಟ್ಟಿಯೇ ಬೇರೆ, ವಿಚಾರಿಸಿ ಹೊರಡಿ. ಚೀಲ ಹಗುರವಿರಲಿ. ದಾರಿಯಲ್ಲಿ ನಿಮ್ಮ ಹಿರಿಯರ ಊರು ಸಿಕ್ಕರೆ ಇಳಿಯಿರಿ. ವಿಮಾನದಲ್ಲಿ ಹೋಗಿದ್ದರೆ ಆ ಬಾವಿಯ ಫೋಟೋ ನನ್ನ ಬಳಿ ಇರುತ್ತಿರಲಿಲ್ಲ.