ಕೂಡುಮಲೆಯ ಮೇಲೊಂದು ತಂತಿ

ನಮ್ಮೂರು ಕುರುಡುಮಲೆಗೆ ಬರುವವರೆಲ್ಲ ಗಣಪತಿಯ ದರ್ಶನಕ್ಕೆಂದು ಬರುವವರೇ. 13 ಅಡಿಗೂ ಮಿಕ್ಕ ಆ ಏಕಶಿಲಾ ವಿನಾಯಕನ ಮುಂದೆ ಹೊಸ ಕಾರಿಗೆ ನಿಂಬೆಹಣ್ಣು ಕಟ್ಟಿಸುವವರು, ಚುನಾವಣೆಯ ಪ್ರಚಾರಕ್ಕೆ ಮೊದಲ ತೆಂಗಿನಕಾಯಿ ಒಡೆಯುವ ಮುಖಂಡರು, ಮದುವೆಯಾಗಲೆಂದು ಹರಕೆ ಹೊತ್ತವರು. ಪುರುಸೊತ್ತಿದ್ದವರು ಸೋಮೇಶ್ವರನ ಗುಡಿಯ ಕಂಬಗಳನ್ನೂ ನೋಡಿ, ಮುಳಬಾಗಿಲಿಗೆ ಇಳಿದು ದೋಸೆ ತಿಂದು ಹೋಗುತ್ತಾರೆ. ಇವರಲ್ಲಿ ಕೆಲವರ ಕಣ್ಣು ನನ್ನ ಮನೆಯ ಕಡೆಗೂ ಹೊರಳುವುದುಂಟು. ಅಲ್ಲಿ ಹುಣಿಸೆಮರದಿಂದ ತೆಂಗಿನಮರಕ್ಕೆ ಎಳೆದ 20 ಮೀಟರ್ ಉದ್ದದ ತಾಮ್ರದ ತಂತಿಯೊಂದಿದೆ. “ಬಟ್ಟೆ ಒಣಹಾಕುವುದಕ್ಕೆ ಇಷ್ಟು ಎತ್ತರವೇಕೆ ಸ್ವಾಮಿ?” ಎಂದು ಕೇಳಿದ ಪುಣ್ಯಾತ್ಮರೂ ಇದ್ದಾರೆ.

ಅದು ಹವ್ಯಾಸಿ ರೇಡಿಯೋದ ಏರಿಯಲ್ಲು. ಲೋಕದ ಬಾಯಲ್ಲಿ ಹ್ಯಾಮ್ ರೇಡಿಯೋ. ಆಕಾಶವಾಣಿಯಲ್ಲಿ ಒಬ್ಬರು ಹೇಳಿದ್ದನ್ನು ಎಲ್ಲರೂ ಕೇಳಬೇಕು. ಇಲ್ಲಿ ಕೇಳಿದವನು ಮಾರುತ್ತರ ಕೊಡಬಹುದು. ನಡುವೆ ಕಂಪನಿಯಿಲ್ಲ, ಕಂಬವಿಲ್ಲ, ತಿಂಗಳ ಬಿಲ್ಲಿಲ್ಲ. ನನ್ನ ತಂತಿಯಿಂದ ಹೊರಟ ಅಲೆ ಮೇಲೇರಿ, ನೂರಾರು ಕಿಲೋಮೀಟರ್ ಎತ್ತರದಲ್ಲಿ ಸೂರ್ಯನ ಕಿರಣಗಳಿಂದ ವಿದ್ಯುದ್ಯುಕ್ತವಾದ ವಾಯುಸ್ತರದಲ್ಲಿ ಬಾಗಿ, ಮತ್ತೆ ನೆಲಕ್ಕಿಳಿದು ಯಾರದೋ ಮನೆಯ ತಂತಿಯನ್ನು ಮುಟ್ಟುತ್ತದೆ. ಬೆಳಿಗ್ಗೆ ಮುಟ್ಟಿದ ಊರನ್ನು ಮಧ್ಯಾಹ್ನ ಮುಟ್ಟಲಾರದು. ಸೂರ್ಯನ ಮರ್ಜಿಯನ್ನು ಅನುಸರಿಸಿ ನಡೆಯುವ ಈ ಅನಿಶ್ಚಯದಲ್ಲೇ ಅದರ ಸೊಗಸೆಲ್ಲ ಅಡಗಿದೆ.

ನಲವತ್ತು ವರ್ಷಗಳಿಂದ ಪ್ರತಿ ಬೆಳಿಗ್ಗೆ ಕಾಫಿಯ ಲೋಟ ಹಿಡಿದು ಆ ಪೆಟ್ಟಿಗೆಯ ಮುಂದೆ ಕುಳಿತಿದ್ದೇನೆ. ಮೊದಲು ಹಾಜರಿ ಕರೆಯುವುದಕ್ಕೇ ಅರ್ಧ ಗಂಟೆ ಹಿಡಿಯುತ್ತಿತ್ತು. ಈಗ ಹತ್ತು ನಿಮಿಷ ಸಾಕು. ನಮ್ಮಲ್ಲಿ ಒಬ್ಬರು ತೀರಿಕೊಂಡರೆ ‘ಸೈಲೆಂಟ್ ಕೀ’ ಆದರು ಎನ್ನುವುದು ವಾಡಿಕೆ. ಮೋರ್ಸ್ ಬಡಿಯುತ್ತಿದ್ದ ಕೀಲಿ ಮೌನವಾಯಿತು ಎಂದರ್ಥ. ಕಳೆದ ಕೆಲವು ವರ್ಷಗಳಲ್ಲಿ ಈ ಮಾತನ್ನು ಕೇಳಿದಷ್ಟು ಸಲ ಹೊಸಬರ ಕರೆಸಂಕೇತವನ್ನು ಕೇಳಲಿಲ್ಲ. ಅನೇಕರ ಮುಖವನ್ನು ನಾನು ಕಂಡವನಲ್ಲ. ಆದರೂ ಅವರ ಕೆಮ್ಮು ಗೊತ್ತು, ಅವರ ಹಿನ್ನೆಲೆಯಲ್ಲಿ ಕೂಗುವ ಕುಕ್ಕರು ಗೊತ್ತು. ಅಂಥ ದನಿಯೊಂದು ನಿಂತ ದಿನ ಮನೆಯವಳು, “ಇವತ್ತೇಕೆ ಸಪ್ಪಗಿದ್ದೀರಿ?” ಎಂದು ಕೇಳಿದರೆ ಏನೆಂದು ವಿವರಿಸಲಿ?

ತರುಣರು ಏಕೆ ಬರುತ್ತಿಲ್ಲ? ನಮ್ಮ ಕೂಟದ ಹಿರಿಯರ ಸಿದ್ಧ ಉತ್ತರ ಒಂದೇ: “ಮೊಬೈಲು ಬಂತು, ಎಲ್ಲ ಕೆಟ್ಟಿತು.” ನನಗೆ ಈ ವಾದ ರುಚಿಸದು. ಮೋಟಾರು ಬಂದಮೇಲೆಯೂ ಜನ ಬೆಟ್ಟ ಹತ್ತುತ್ತಾರಲ್ಲವೆ? 2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನನ್ನು ಅಪ್ಪಳಿಸಿದಾಗ ಪೋರ್ಟ್‌ಬ್ಲೇರಿನಲ್ಲಿ ಇದ್ದವರು ಹವ್ಯಾಸಕ್ಕೆಂದು ರೇಡಿಯೋ ಹೊತ್ತು ಹೋಗಿದ್ದ ಭಾರತಿ ಪ್ರಸಾದ್ ಎಂಬ ಹೆಣ್ಣುಮಗಳು. ಟೆಲಿಫೋನು ಕೈಕೊಟ್ಟ ಆ ಹೊತ್ತಿನಲ್ಲಿ ಆಕೆಯೂ ಸಂಗಡಿಗರೂ ದಡದಾಚೆಯ ಬಂಧುಗಳಿಗೆ ಕ್ಷೇಮಸಮಾಚಾರ ಮುಟ್ಟಿಸಿದರು. ಆಗಲೂ ಮೊಬೈಲು ಇತ್ತು.

ನಿಜವಾದ ತೊಡಕುಗಳು ಬೇರೆ. ರೇಡಿಯೋದಲ್ಲಿ ಮಾತನಾಡಬೇಕಾದರೆ ಕೇಂದ್ರ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಲೈಸೆನ್ಸು ಪಡೆಯಬೇಕು. ವಯಸ್ಸು 12 ತುಂಬಿದರೆ ಸಾಕು. ಕೆಳದರ್ಜೆಗೆ ವಿದ್ಯುತ್ತು, ರೇಡಿಯೋ, ಕಾನೂನು ಇಷ್ಟು ತಿಳಿದಿರಬೇಕು. ಮೇಲ್ದರ್ಜೆಗೆ ನಿಮಿಷಕ್ಕೆ 8 ಪದಗಳ ವೇಗದ ಮೋರ್ಸ್ ಕೂಡ ಬೇಕು. 2013ರ ಜುಲೈನಲ್ಲಿ ನಮ್ಮ ದೇಶದ ತಂತಿ ಸೇವೆಯೇ ಮುಚ್ಚಿಹೋಯಿತು. ಕಟ್ಟಕಡ ಸದ್ದನ್ನೇ ಕೇಳದ ಮಗುವಿಗೆ ಅದನ್ನು ಕಲಿ ಎಂದರೆ ಅದು ಹುಬ್ಬೇರಿಸುವುದು ಸಹಜ. ಪರೀಕ್ಷೆ ಕಷ್ಟದ್ದೇನಲ್ಲ. ಆದರೆ ಓದಬೇಕಾದ ಪುಸ್ತಕಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡನ್ನೂ ಬೆರೆಸಿ ಆಡುವ ನಮ್ಮ ಸೀಮೆಯ ಮಕ್ಕಳಿಗೆ ಅಲೆಗಳ ಭಯಕ್ಕಿಂತ ಆ ಭಾಷೆಯ ಭಯ ದೊಡ್ಡದು. ತೇರ್ಗಡೆಯಾದ ಮೇಲೆ ಕಾಗದಕ್ಕಾಗಿ ಕಾಯುವುದೊಂದು ತಪಸ್ಸು. ನನ್ನ ಲೈಸೆನ್ಸು ಕೈಸೇರುವಷ್ಟರಲ್ಲಿ ನಾನು ಮದುವೆಯಾಗಿ ಒಂದು ಮಗುವಿನ ತಂದೆಯೂ ಆಗಿದ್ದೆ. ಯಾವ ಕಚೇರಿ ಎಂದು ಹೆಸರಿಸಿ ಹಳೆಯ ಗಾಯವನ್ನು ಕೆದಕುವುದು ಬೇಡ.

ಹಣದ ಮಾತೂ ಉಂಟು. ದೂರದೇಶಗಳನ್ನು ಮುಟ್ಟುವ ಒಳ್ಳೆಯ ವಿದೇಶೀ ಯಂತ್ರಕ್ಕೆ ಲಕ್ಷ ರೂಪಾಯಿಗೂ ಮಿಕ್ಕುತ್ತದೆ. ನಾವು ತರುಣರಾಗಿದ್ದಾಗ ಮಹಾಯುದ್ಧದ ಹಳೆಯ ಸಾಮಾನುಗಳು ಬೆಂಗಳೂರಿನ ಭಾನುವಾರದ ಸಂತೆಯಲ್ಲಿ ತೂಕದ ಲೆಕ್ಕದಲ್ಲಿ ದೊರೆಯುತ್ತಿದ್ದವು. ಕೈ ಸುಟ್ಟುಕೊಂಡು ಜೋಡಿಸಿಕೊಳ್ಳುತ್ತಿದ್ದೆವು. ಇಂದಿನವರಿಗೆ ಆ ದಾರಿ ಮುಚ್ಚಿದೆಯೆಂದು ನಿಟ್ಟುಸಿರಿಡುವವರು ಹೈದರಾಬಾದಿನ ಅಷ್ಹರ್ ಫರ್ಹಾನ್ ಅವರ ಹೆಸರನ್ನು ಕೇಳಬೇಕು. ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ಬಿಡಿಭಾಗಗಳಿಂದಲೇ ಮಾಡಿಕೊಳ್ಳಬಹುದಾದ ‘ಬಿಟೆಕ್ಸ್’ ಎಂಬ ಯಂತ್ರದ ನಕ್ಷೆಯನ್ನು ಅವರು ಲೋಕಕ್ಕೇ ಕೊಟ್ಟುಬಿಟ್ಟರು. ಸುರುಳಿ ಸುತ್ತಲು ನಲ್ಲಿಯ ವಾಷರ್ ಸಾಕೆಂದರೆ ಇನ್ನೇನು ಬೇಕು! ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ ಒಂದು ಬಸ್ಸಿನ ಪ್ರಯಾಣ, ಒಂದು ಕಾದ ಕಬ್ಬಿಣ, ಒಂದಿಷ್ಟು ತಾಳ್ಮೆ. ಪಟ್ಟಣದ ತರುಣನಿಗೆ ಬೇರೊಂದು ಸಂಕಟ. ಯಂತ್ರ ಸಿದ್ಧವಾದರೂ ತಂತಿ ಕಟ್ಟಲು ಅಪಾರ್ಟ್‌ಮೆಂಟಿನ ಸಂಘದವರು ಬಿಡರು. ಬಿಟ್ಟರೂ ನೂರು ಮನೆಗಳ ಎಲ್‌ಇಡಿ ದೀಪ, ಚಾರ್ಜರುಗಳ ಗೊರಗೊರ ಸದ್ದಿನಲ್ಲಿ ದೂರದ ಕ್ಷೀಣದನಿ ಮುಳುಗಿಹೋಗುತ್ತದೆ. ಈ ವಿಷಯದಲ್ಲಿ ನಮ್ಮ ಕುರುಡುಮಲೆಯೇ ಭಾಗ್ಯಶಾಲಿ. ಇಲ್ಲಿ ಕಾಡುವುದು ಕೊಳವೆಬಾವಿಯ ಸ್ಟಾರ್ಟರ್ ಮಾತ್ರ. ಅದೂ ಕರೆಂಟು ಇದ್ದರೆ!

ಎಲ್ಲಕ್ಕಿಂತ ದೊಡ್ಡ ತೊಡಕು ನಾವೇ, ಅಂದರೆ ಹಿರಿಯರು. ಒಂದು ಬೆಳಿಗ್ಗೆ ಹೊಸದಾಗಿ ಲೈಸೆನ್ಸು ಪಡೆದ ಹುಡುಗನೊಬ್ಬ ನಡುಗುವ ದನಿಯಲ್ಲಿ ನಮ್ಮ ಕೂಟಕ್ಕೆ ಬಂದ. ವಿಯು3 ಎಂದು ಆರಂಭವಾಗುವ ಕರೆಸಂಕೇತ, ಅಂದರೆ ಕೆಳದರ್ಜೆ. ಕ್ರಮ ತಪ್ಪಿ ಇಬ್ಬರು ಮಾತನಾಡುವಾಗ ನಡುವೆ ಬಾಯಿ ಹಾಕಿದ. ಒಬ್ಬ ಹಿರಿಯರು, “ಮೊದಲು ನಿಯಮ ಓದಿಕೊಂಡು ಬಾರಪ್ಪ” ಎಂದು ಎಲ್ಲರೂ ಕೇಳುವಂತೆ ಗದರಿದರು. ನಾನು ಅವನನ್ನು ಕರೆದೆ, ಹೆಸರು ಕೇಳಿದೆ, ಉತ್ತರ ಬರಲಿಲ್ಲ. ಮರುದಿನವೂ ಕರೆದೆ. ಆ ಸಂಕೇತವನ್ನು ಮತ್ತೆ ನಾನು ಕೇಳಲಿಲ್ಲ. ಬಂದು ಕೂತ ಮಕ್ಕಳಾದರೂ ಏನನ್ನು ಕೇಳಬೇಕು? “ನಿಮ್ಮ ಸಿಗ್ನಲ್ ಐದು-ಒಂಬತ್ತು, ನನ್ನದು ಹೇಗಿದೆ? ಮೊಣಕಾಲು ನೋವು ಹೇಗಿದೆ?” ಇದು ನಮಗೆ ಅಮೃತ, ಹದಿನೇಳರ ಹರೆಯಕ್ಕೆ ಏನಾದೀತು?

ಹೀಗಿರಲು, ಪಕ್ಕದ ಮನೆಯವರ ಮೊಮ್ಮಗಳು ಒಂದು ಸಂಜೆ ತಾನಾಗಿಯೇ ಬಂದಳು. ಪಿಯುಸಿ ವಿಜ್ಞಾನ ಓದುವ ಹುಡುಗಿ. 2025ರ ಜುಲೈನಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರಿಕ್ಷ ನಿಲ್ದಾಣದಿಂದ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ನೆರೆದ ವಿದ್ಯಾರ್ಥಿಗಳೊಡನೆ ಹ್ಯಾಮ್ ರೇಡಿಯೋದಲ್ಲಿ ಮಾತನಾಡಿದ ಸುದ್ದಿಯನ್ನು ಅವಳು ಓದಿದ್ದಳು. “ತಾತ, ನಿಮ್ಮ ಪೆಟ್ಟಿಗೇಲಿ ಅದು ಕೇಳುತ್ತಾ?” ಎಂದಳು. ಸೇದುವ ಬಾವಿಗೆ ಹಗ್ಗ ಕೇಳಿದಷ್ಟು ಸಲೀಸಾಗಿ ಕೇಳಿದ ಆ ಪ್ರಶ್ನೆಗೆ ನನ್ನ ಮೈ ಜುಮ್ಮೆಂದಿತು.

2005ರ ಮೇ ತಿಂಗಳಲ್ಲಿ ಶ್ರೀಹರಿಕೋಟೆಯಿಂದ ಹಾರಿದ ‘ಹ್ಯಾಮ್‌ಸ್ಯಾಟ್’ ಎಂಬ ಪುಟ್ಟ ಉಪಗ್ರಹದ ಕಥೆಯನ್ನು ಅವಳಿಗೆ ಹೇಳಿದೆ. ನಮ್ಮಂಥ ಹವ್ಯಾಸಿಗಳಿಗೆಂದೇ ಇಸ್ರೋ ಕಟ್ಟಿದ್ದು. ಅದರೊಳಗಿನ ಒಂದು ಯಂತ್ರವನ್ನು ಮಾಡಿದವನು ಹಾಲೆಂಡಿನ ಒಬ್ಬ ವಿದ್ಯಾರ್ಥಿ. 2014ರವರೆಗೆ ಅದು ದುಡಿಯಿತು. ಅವಳು ಹಿಡಿದ ಪ್ರಶ್ನೆ ಒಂದೇ: “ವಿದ್ಯಾರ್ಥೀನಾ?”

ನಿಲ್ದಾಣದಿಂದ ಆಗಾಗ ಚಿತ್ರಗಳನ್ನು ಸದ್ದಿನ ರೂಪದಲ್ಲಿ ಕಳಿಸುವುದುಂಟು. ಅಂಥದೊಂದು ದಿನ ಗೊತ್ತಾಯಿತು. ದರ್ಜಿಯ ಅಂಗಡಿಯದಲ್ಲ, ಬಡಗಿಗಳು ಬಳಸುವ ಉಕ್ಕಿನ ಅಳತೆಪಟ್ಟಿಯನ್ನು ಕತ್ತರಿಸಿ, ಪ್ಲಾಸ್ಟಿಕ್ ಕೊಳವೆಗೆ ಬಿಗಿದು ಇಬ್ಬರೂ ಏರಿಯಲ್ಲು ಮಾಡಿದೆವು. ಸಂಜೆ ಬೆಟ್ಟ ಹತ್ತಿದೆವು. ಅವಳ ತಮ್ಮನೂ ಬಂದ, ಅವನ ಹಿಂದೆ ಇನ್ನು ನಾಲ್ವರು. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಗಂಟೆಗೆ 28,000 ಕಿಲೋಮೀಟರ್ ವೇಗದಲ್ಲಿ ಸಾಗುವ ನಿಲ್ದಾಣ ನಮ್ಮ ಆಕಾಶದಲ್ಲಿರುವುದು ಹೆಚ್ಚೆಂದರೆ ಹತ್ತು ನಿಮಿಷ. 145.800ಕ್ಕೆ ತಿರುಗಿಸಿ ಕಾದೆವು. ಬರಿಯ ಬುಸುಗುಟ್ಟುವಿಕೆ. ಆಮೇಲೆ ಅದರೊಳಗಿಂದ ಜೀರುಂಡೆ ಹಾಡಿದಂಥ ಸದ್ದು. ಅವಳು ತನ್ನ ಮೊಬೈಲನ್ನು ನನ್ನ ರೇಡಿಯೋದ ಬಾಯಿಗೆ ಹಿಡಿದಳು. ಆ ಸದ್ದನ್ನು ಕೇಳಿ ಅದರ ಗಾಜಿನ ಮೇಲೆ ಒಂದೊಂದೇ ಗೆರೆಯಾಗಿ ಚಿತ್ರ ಮೂಡತೊಡಗಿತು. ಒಂದು ಚಿತ್ರಕ್ಕೆ ಎರಡು ನಿಮಿಷ. ಎರಡನೆಯದು ಅರ್ಧ ಮೂಡುವಷ್ಟರಲ್ಲಿ ನಿಲ್ದಾಣ ದಿಗಂತಕ್ಕಿಳಿದು ಉಳಿದದ್ದೆಲ್ಲ ಮರಳಾಯಿತು. ಆ ಮರಳನ್ನೂ ಸೇರಿಸಿ ಅವಳು ಚಿತ್ರವನ್ನು ಗೆಳತಿಯರಿಗೆಲ್ಲ ಕಳುಹಿಸಿದಳು. ಯಾವ ಮೊಬೈಲನ್ನು ನಮ್ಮ ಹಿರಿಯರು ಶಪಿಸುತ್ತಾರೋ ಅದೇ ಅಂದು ನಮ್ಮ ದುಭಾಷಿಯಾಗಿತ್ತು.

ಇಳಿಯುವಾಗ ಈ ಊರಿನ ಹೆಸರಿನ ಮಾತು ಬಂತು. ತ್ರಿಮೂರ್ತಿಗಳು ಇಲ್ಲಿ ಕೂಡಿದ್ದರಿಂದ ಕೂಟಾದ್ರಿ ಎನಿಸಿತ್ತು, ಅದು ಕೂಡುಮಲೆಯಾಗಿ, ಕುರುಡುಮಲೆಯಾಯಿತು ಎನ್ನುತ್ತಾರೆ ನಮ್ಮವರು. “ನಮ್ಮ ಕೂಟಕ್ಕೂ ಅದೇ ಹೆಸರಿಡೋಣ ತಾತ” ಎಂದ ತಮ್ಮ.

ಅವಳ ತಂದೆ ಮಾತ್ರ ಮರುದಿನ ಬಂದು, “ಮೇಷ್ಟ್ರೇ, ಇದರಿಂದ ಏನಾದರೂ ಕೆಲಸ ಸಿಗುತ್ತದೆಯೆ?” ಎಂದರು. ನ್ಯಾಯವಾದ ಪ್ರಶ್ನೆ. ಸುಳ್ಳು ಹೇಳಲಿಲ್ಲ. ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಕಲಿಸುತ್ತಿದ್ದುದು ಮನಶ್ಶಾಸ್ತ್ರ. ಆದರೂ 1935ರಲ್ಲಿ ತಮ್ಮ ಮನೆಯಿಂದಲೇ 30 ವಾಟಿನ ಯಂತ್ರವಿಟ್ಟು ಬಾನುಲಿ ಆರಂಭಿಸಿದರು, ‘ಆಕಾಶವಾಣಿ’ ಎಂಬ ಹೆಸರು ನಾಡಿಗೆ ಹಾಗೆ ಬಂತು ಎಂದೆ. ಅವರು ತಲೆಯಾಡಿಸಿದರು, ಒಪ್ಪಿದರೆಂದು ಹೇಳಲಾರೆ. “ಪರೀಕ್ಷೆಗೆ ಮೊದಲು ಪಿಯುಸಿ ಮುಗಿಸಲಿ” ಎಂದಷ್ಟೇ ಹೇಳಿ ಹೋದರು.

ಮೋರ್ಸ್ ಕಲಿಯುವುದಿಲ್ಲವೆಂದು ಅವಳು ಖಂಡಿತವಾಗಿ ಹೇಳಿದ್ದಾಳೆ, ಕೆಳದರ್ಜೆ ಸಾಕಂತೆ. ಓದುವುದಕ್ಕೆ ಕನ್ನಡದ ಟಿಪ್ಪಣಿ ಬೇಕೆಂದು ಪಟ್ಟು ಹಿಡಿದದ್ದರಿಂದ ದಿನಕ್ಕೆ ಎರಡು ಪುಟ ಬರೆಯುತ್ತಿದ್ದೇನೆ. ನಾನು ಬರೆದದ್ದನ್ನು ತಮ್ಮನಿಗೆ ಓದಿಹೇಳುತ್ತಾಳೆ. ಅವನಿಗೆ ಅರ್ಥವಾಗದಿದ್ದರೆ ಪುಟ ನನಗೆ ವಾಪಸ್ಸು ಬರುತ್ತದೆ. ನಿನ್ನೆ ‘ಪ್ರತಿಬಾಧೆ’ ಎಂಬ ಮಾತಿಗೆ ಕೆಂಪು ಶಾಯಿಯ ಗೆರೆ ಬಿದ್ದಿತ್ತು. ಪಕ್ಕದಲ್ಲಿ ಅವಳ ಅಕ್ಷರ: “ತಾತ, ಇದಕ್ಕೆ ಇಂಪೀಡೆನ್ಸ್ ಅಂತಲೇ ಬರೆಯಿರಿ.”