ಅತ್ತೆಯವರ ನಿದ್ರೆಯ ಗುಳಿಗೆ

ನಮ್ಮ ಸೋದರತ್ತೆಯವರು ಚಿಂಚೋಳಿಯನ್ನು ಬಿಟ್ಟು ಸೇಡಮಿನ ನಮ್ಮ ಮನೆಗೆ ಬಂದಾಗ ಅವರೊಡನೆ ಬಂದುದು ಒಂದು ಟ್ರಂಕು, ದೇವರ ಪೆಟ್ಟಿಗೆ, ಮತ್ತು ಮಡಚಿ ಮಡಚಿ ಮಾಸಿಹೋದ ವೈದ್ಯರ ಚೀಟಿ. ಪತಿವಿಯೋಗದ ಹೊಸತರಲ್ಲಿ ನಿದ್ರೆಗೆಟ್ಟಿದ್ದ ಅವರಿಗೆ ವೈದ್ಯರು ಎರಡು ವಾರಗಳ ಮಟ್ಟಿಗೆಂದು ಆಲ್ಪ್ರಜೋಲಾಂ ಎಂಬ ಗುಳಿಗೆಯನ್ನು ಬರೆದುಕೊಟ್ಟಿದ್ದರು. ಆ ಎರಡು ವಾರಗಳು ಎರಡು ವರ್ಷಗಳಾಗಿದ್ದುವು. ರಾತ್ರಿಗೆ ಅರ್ಧ ಮಿಲಿಗ್ರಾಮಿನದೊಂದು ಇದ್ದುದು ಎರಡಾಗಿ, ಹಗಲಿನ ಕಳವಳಕ್ಕೆ ಮತ್ತೆರಡು ಸೇರಿ, ದಿನಕ್ಕೆ ನಾಲ್ಕಾಗಿದ್ದುವು.

ಈ ಔಷಧಿಯನ್ನು ಚೀಟಿಯಿಲ್ಲದೆ ಮಾರಕೂಡದು. 2014ನೆಯ ಮಾರ್ಚಿಯಿಂದ ಅಂಗಡಿಯವರು ಕೊಂಡವರ ಹೆಸರನ್ನೂ ಬರೆದುಕೊಟ್ಟ ವೈದ್ಯರ ಹೆಸರನ್ನೂ ಬೇರೊಂದು ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಿಡಬೇಕು. ಆದರೆ ಅತ್ತೆಯವರ ಮುದುಡಿದ ಚೀಟಿಯ ತಾರೀಖನ್ನು ನೋಡಿದವರು ಯಾರು? ನಾವೂ ನೋಡಿರಲಿಲ್ಲ.

ಒಂದು ಬೆಳಗು ಅವರು ಹಿತ್ತಿಲ ಹಾಸುಗಲ್ಲಿನ ಮೇಲೆ ತೂಕಡಿಸಿ ಬಿದ್ದರು. ನಮಗೆ ಸಿಟ್ಟು ಬಂದಿತು. ಚಟವನ್ನು ಬಿಡಿಸುವೆವೆಂಬ ಹಮ್ಮಿನಿಂದ ಗುಳಿಗೆಗಳನ್ನೆಲ್ಲ ತಿಪ್ಪೆಗೆಸೆದೆವು. "ಅದಿಲ್ಲಂದ್ರ ನಿದ್ದಿ ಹತ್ತಂಗಿಲ್ಲಪ್ಪಾ" ಎಂದು ಆಕೆ ಬೇಡಿಕೊಂಡರೂ ಕೇಳಲಿಲ್ಲ. ಮರುದಿನ ಬೆವರು, ಕೈನಡುಕ; ಮೂರನೆಯ ರಾತ್ರಿ ಹಲ್ಲು ಕಚ್ಚಿ, ಕಣ್ಣು ಮೇಲಾಗಿ, ಮೈಯೆಲ್ಲ ಸೆಳೆತ. ಬಾಡಿಗೆಯ ಕಾರಿನಲ್ಲಿ ಕಲಬುರಗಿಗೆ ಒಯ್ದೆವು. ಆ ದಾರಿ ಅಷ್ಟು ಉದ್ದವೆಂದು ನಾವು ಅರಿತುದು ಅಂದೇ.

ಅಲ್ಲಿನ ವೈದ್ಯರು ನಮ್ಮನ್ನು ಬಯ್ಯಲಿಲ್ಲ, ಬಯ್ದಿದ್ದರೆ ಮೇಲಾಗುತ್ತಿತ್ತು. ಮಿದುಳನ್ನು ಶಾಂತಗೊಳಿಸುವ ದೇಹದ ಸ್ವಂತ ರಸಕ್ಕೆ ಈ ಗುಳಿಗೆಯು ಬಲ ಕೊಡುವುದು. ದಿನವೂ ಆ ಬಲಕ್ಕೆ ಒಗ್ಗಿದ ಮಿದುಳು, ಅದನ್ನು ಒಮ್ಮೆಲೆ ಕಿತ್ತುಕೊಂಡರೆ ಕೆರಳುವುದು. "ತಾವು ಎಸೆದದ್ದು ಚಟವನ್ನಲ್ಲ, ಆಕೆಯ ಊರುಗೋಲನ್ನು" ಎಂದರು. ಗಡಿಯಾಚೆಯ ತೆಲಂಗಾಣದ ಮಾತನ್ನೂ ತೆಗೆದರು. 2015ರಲ್ಲಿ ಅಲ್ಲಿ ಕಲಬೆರಕೆಯ ಸೇಂದಿಯನ್ನು ತಡೆದಾಗ, ಅದರಲ್ಲಿ ಬೆರೆಸುತ್ತಿದ್ದ ಆಲ್ಪ್ರಜೋಲಾಂ, ಡಯಾಜೆಪಾಂಗಳಿಗೆ ತಿಳಿಯದೆಯೇ ಒಗ್ಗಿದ್ದ ಕೂಲಿಕಾರರು ನಡುಕ, ಭ್ರಮೆ, ಸೆಳೆತಗಳಿಂದ ಆಸ್ಪತ್ರೆಗಳನ್ನು ಸೇರಿದ್ದರಂತೆ.

ಎಸೆದ ಗುಳಿಗೆಯನ್ನೇ ಮತ್ತೆ ಪ್ರಾರಂಭಿಸಲಾಯಿತು. ಎರಡು ವಾರಕ್ಕೊಮ್ಮೆ ಕಾಲು ಗುಳಿಗೆಯಷ್ಟು ಕಡಿಮೆ. ಕೊನೆಗೊನೆಗೆ ಇನ್ನೂ ನಿಧಾನ. ಹತ್ತು ತಿಂಗಳು ಹಿಡಿಯಿತು. ಡಬ್ಬಿಯ ಬೀಗದ ಕೈ ನಮ್ಮ ಮನೆಯವರ ಸೆರಗಿನಲ್ಲಿ, ಲೆಕ್ಕ ಅತ್ತೆಯವರ ಬಾಯಲ್ಲಿ. ನಡುವೆ ಎರಡು ಸಲ ಕಳವಳ ಹೆಚ್ಚಿದಾಗ ವೈದ್ಯರು ಇಳಿಕೆಯನ್ನು ಅಲ್ಲಿಗೇ ನಿಲ್ಲಿಸಿ ಕಾದರು.

ತಿಂಗಳಿಗೊಮ್ಮೆ ಚಿತ್ತಾಪುರ, ವಾಡಿ, ಶಹಾಬಾದಗಳನ್ನು ದಾಟಿ ರೈಲಿನಲ್ಲಿ ಕಲಬುರಗಿಗೆ ಹೋಗಿಬರುತ್ತಿದ್ದೆವು. ಒಮ್ಮೆ ವಾಡಿಯಲ್ಲಿ ಹತ್ತಿದ ಹೆಣ್ಣುಮಗಳೊಬ್ಬಳು ಮಾತಿಗೆ ಮಾತು ಬೆಳೆದು, ಕುಡಿದು ಬಂದು ರಾತ್ರಿಯೆಲ್ಲ ಕೂಗಾಡುವ ಗಂಡನಿಗಾಗಿ ಒಂದು ಗುಳಿಗೆಯನ್ನು ಬೇಡಿದಳು. ನಾವು ಬಾಯ್ತೆರೆಯುವ ಮುನ್ನವೇ ಅತ್ತೆಯವರು, "ಬ್ಯಾಡವ್ವಾ, ಕುಡದವ್ರಿಗಿ ಇದು ಕೊಟ್ರ ಉಸುರು ನಿಂತೀತು. ಡಾಕ್ಟರ್ ಬಲ್ಲಿ ಕರ್ಕೊಂಡು ಹೋಗು" ಎಂದು ಚೀಲವನ್ನು ಮಡಿಲಿಗೆ ಎಳೆದುಕೊಂಡರು. ಅದು ವೈದ್ಯರ ಮಾತೇ; ಮದ್ಯವಾಗಲಿ, ಅಫೀಮಿನ ಜಾತಿಯ ನೋವಿನ ಔಷಧಿಯಾಗಲಿ ಜತೆಗೂಡಿದರೆ ಉಸಿರಾಟವು ಕುಗ್ಗುವುದೆಂದು ಅವರು ಹೇಳಿದ್ದರು.

ಈಗಲೂ ಕೆಲವು ರಾತ್ರಿ ಅತ್ತೆಯವರಿಗೆ ಹನ್ನೆರಡಾದರೂ ನಿದ್ರೆ ಬಾರದು. ಪಡಸಾಲೆಯಲ್ಲಿ ಕುಳಿತು ಹತ್ತಿಯ ಬತ್ತಿ ಹೊಸೆಯುತ್ತಿರುತ್ತಾರೆ. ನಾವೂ ಎದ್ದು ಬಂದು ಒಂದಿಷ್ಟು ಹೊತ್ತು ಜತೆಗೆ ಕೂಡುತ್ತೇವೆ.