ಬಸ್‌ಸ್ಟ್ಯಾಂಡ್ ಎದುರು ಕೈಕೊಡದಿರಲಿ

ಹಳೆಯ ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವನಿಗೆ ಬೆಂಗಳೂರಿನಲ್ಲಿ ಬಂಧುಗಳು ಜಾಸ್ತಿ. ಸಿಗ್ನಲ್ಲಿನಲ್ಲಿ ನಿಂತರೆ ಪಕ್ಕದ ಆಟೋದವರು ‘ಯಾವ ಮಾಡ್ಲು ಸಾರ್?’ ಅನ್ನುತ್ತಾರೆ. ಪೆಟ್ರೋಲ್ ಬಂಕಿನ ಹುಡುಗ ಟ್ಯಾಂಕಿನ ಮುಚ್ಚಳ ಹುಡುಕುವ ನೆಪದಲ್ಲಿ ಒಂದು ಪ್ರದಕ್ಷಿಣೆ ಹಾಕಿಬಿಡುತ್ತಾನೆ. ವಾಕಿಂಗ್ ಹೊರಟ ಹಿರಿಯರು ಕಿಟಕಿಯೊಳಗೆ ತಲೆ ತೂರಿಸಿ, ಸ್ಟಿಯರಿಂಗ್ ಕೆಳಗಿನ ಗೇರ್ ಕಡ್ಡಿ ನೋಡಿ, ‘ನಮ್ಮ ಮಾವನವರ ಹತ್ರ ಇತ್ತು, ಇದೇ ಬಣ್ಣ’ ಎಂದು ಸಂತೋಷಪಡುತ್ತಾರೆ. ಅದಾದ ಮೇಲೆ ತಪ್ಪದೆ ಬರುವ ಪ್ರಶ್ನೆ ಒಂದೇ: ‘ನಿಮ್ಮ ತಂದೆಯವರದ್ದಾ?’

ನಾನು ನಗುತ್ತೇನೆ. ಹೌದು ಅನ್ನುವುದಿಲ್ಲ, ಅಲ್ಲ ಅಂತಲೂ ಅನ್ನುವುದಿಲ್ಲ.

ನಮ್ಮಪ್ಪನ ಹತ್ತಿರ ಇದ್ದದ್ದು ಸೈಕಲ್ಲು. ಪ್ರೈಮರಿ ಸ್ಕೂಲು ಮೇಷ್ಟರಿಗೆ ಆ ಕಾಲದಲ್ಲಿ ಅದೂ ದೊಡ್ಡದೇ. ಕಡೂರು ದಾಟಿ ಶಿವಮೊಗ್ಗದ ಕಡೆ ಹೋಗುವ ದಾರಿಯಲ್ಲಿ ನಮ್ಮೂರು, ಹೆಸರು ಬೇಡ. ಅಲ್ಲಿ ಫಿಯಟ್ ಇದ್ದದ್ದು ಡಾಕ್ಟರ ಮನೆಯಲ್ಲಿ, ಅಡಿಕೆ ಮಂಡಿಯವರ ಮನೆಯಲ್ಲಿ. 1964ರಲ್ಲಿ ಫಿಯಟ್ 1100 ಡಿಲೈಟ್ ಎಂದು ಮುಂಬೈನ ಕುರ್ಲಾ ಕಾರ್ಖಾನೆಯಿಂದ ಹೊರಟ ಕಾರಿಗೆ 1974ರಲ್ಲಿ ಪದ್ಮಿನಿ ಎಂಬ ಹೆಸರು ಬಂದರೂ ನಮ್ಮೂರಿನ ಬಾಯಲ್ಲಿ ಅದು ಕೊನೆತನಕ ಫಿಯಟ್ಟೇ. ದುಡ್ಡಿದ್ದವರೂ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ದುಡ್ಡಿಲ್ಲದವರು ಕಾಯುವ ಪ್ರಶ್ನೆಯೇ ಇರಲಿಲ್ಲ, ನಿಂತು ನೋಡಿದರೆ ಮುಗಿಯಿತು. ಹಾಗೆ ನಿಂತು ನೋಡಿದವರಲ್ಲಿ ನಾನೂ ಒಬ್ಬ. ಈಗ ನನ್ನ ಮನೆ ಮುಂದೆ ನಿಂತಿರುವ 1979ರ ಗಾಡಿ ತುಮಕೂರಿನ ಕಡೆ ಯಾರದೋ ಶೆಡ್ಡಿನಲ್ಲಿ ಕೋಳಿಗಳಿಗೆ ಗೂಡಾಗಿತ್ತು. ಕೊಂಡು ತಂದೆ. ನನ್ನ ನಗುವಿನಲ್ಲಿ ಅಪ್ಪನಿಗೆ ಸತ್ತ ಮೇಲೆ ಒಂದು ಕಾರು ಕೊಡಿಸುತ್ತಿದ್ದೇನೆ ಎಂದು ಸಮಾಧಾನ ಹೇಳಿಕೊಂಡದ್ದುಂಟು. ಅದು ಪೂರಾ ನಿಜವಲ್ಲ ಎಂದು ಗೊತ್ತಾದದ್ದು ಕರಾವಳಿಯ ಕಡೆಗೊಂದು ಪ್ರಯಾಣಕ್ಕೆ ಗಾಡಿ ತಯಾರು ಮಾಡುವಾಗ.

ಮನೆಯಲ್ಲಿ ನಾನು ಹೇಳಿದ್ದು ಮಲ್ಪೆಗೆ ಹೋಗುವುದು ಎಂದು. ಬೆಂಗಳೂರಿನಿಂದ ಕರಾವಳಿಗೆ ದಾರಿಗಳಿಗೇನು ಬರ? ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಹಿಡಿದರೆ ಎಲ್ಲರೂ ಹೋಗುವ ಹೆದ್ದಾರಿ. ನಾನು ಆರಿಸಿದ್ದು ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ. ‘ಆ ಕಡೆ ಯಾಕೆ?’ ಎಂದು ಹೆಂಡತಿ ಕೇಳಿದಳು. ಆಗುಂಬೆ ಚೆನ್ನಾಗಿರುತ್ತೆ ಅಂದೆ. ಚೆನ್ನಾಗಿಯೇ ಇರುತ್ತದೆ. ಆದರೆ ನಕಾಶೆ ಮುಂದಿಟ್ಟುಕೊಂಡು ಕೂತಾಗಲೆಲ್ಲ ನನ್ನ ಬೆರಳು ಆಗುಂಬೆಯವರೆಗೆ ಹೋಗುವ ಮೊದಲೇ ನಿಂತುಬಿಡುತ್ತಿತ್ತು. ನಮ್ಮೂರ ಬಸ್‌ಸ್ಟ್ಯಾಂಡ್ ಮುಂದೆ ಎರಡನೇ ಗೇರಿನಲ್ಲಿ, ಗಾಜು ಇಳಿಸಿಕೊಂಡು, ಮೊಣಕೈ ಹೊರಗೆ ಹಾಕಿಕೊಂಡು ಹೋಗಬೇಕು. ಮಿಕ್ಕ ಸುಮಾರು ನಾನೂರು ಕಿಲೋಮೀಟರ್ ಆ ಅರ್ಧ ಕಿಲೋಮೀಟರಿಗೆ ಕಟ್ಟಿದ ಪೀಠಿಕೆ. ಅಲ್ಲಿ ಈಗ ನನ್ನನ್ನು ಗುರುತಿಸುವವರು ಎಷ್ಟು ಜನ ಉಳಿದಿದ್ದಾರೋ! ಮಂಡಿ ಸಾಹುಕಾರರು ಹೋದರು, ಅವರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಬಹುಶಃ ನಮ್ಮ ಬಡಾವಣೆಯಲ್ಲೇ. ಆದರೂ ಹೋಗಬೇಕು.

ದೂರದ ದಾರಿಗೆ ಹೊರಡುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆದೆ. ಹೆಚ್ಚುವರಿ ಇಗ್ನಿಷನ್ ಕಾಯಿಲ್, ಕಂಡೆನ್ಸರ್, ಪಾಯಿಂಟ್ ಸೆಟ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ಫ್ಯಾನ್ ಬೆಲ್ಟ್, ರೇಡಿಯೇಟರ್ ಹೋಸು ಮೇಲಿನದೊಂದು ಕೆಳಗಿನದೊಂದು, ಪೆಟ್ರೋಲ್ ಎತ್ತುವ ಎಸಿ ಪಂಪಿನ ಕಿಟ್, ಪ್ಲಗ್ಗು, ಫ್ಯೂಸು, ವೈರು, ಎಂ-ಸೀಲ್, ನೀರಿನ ಕ್ಯಾನು, ಎಳೆಯುವ ಹಗ್ಗ. ಜೆ.ಸಿ. ರಸ್ತೆಯ ಅಂಗಡಿಗಳನ್ನು ಸುತ್ತಿ ಒಂದೊಂದೇ ಕೂಡಿಸಿದೆ. ಪಟ್ಟಿ ತೆಗೆದುಕೊಂಡು ಹೋಗಿ ಮೇಸ್ತ್ರಿಗೆ ತೋರಿಸಿದೆ. ವಿಲ್ಸನ್ ಗಾರ್ಡನ್ ಕಡೆ ಒಂದು ಗಲ್ಲಿಯಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ಇವರಿಗೆ ಎಪ್ಪತ್ತರ ಮೇಲಾಯಿತು. ಚಿಕ್ಕ ಹುಡುಗನಾಗಿದ್ದಾಗ ಟ್ಯಾಕ್ಸಿಗಳ ಕೆಳಗೆ ಮಲಗಿ ಕೆಲಸ ಕಲಿತವರು. ಕನ್ನಡಕ ಹಣೆಗೇರಿಸಿ ಪಟ್ಟಿ ಓದಿದರು.

‘ಇದೆಲ್ಲ ದಾರೀಲಿ ಎಲ್ಲಾದ್ರೂ ಸಿಗುತ್ತೆ, ಇಲ್ದಿದ್ರೆ ಯಾರಾದ್ರೂ ಹೊಂದಿಸಿಕೊಡ್ತಾರೆ. ಗಾಡಿ ನಿಲ್ಲೋದಕ್ಕೆ ಏನು ಬರ್ದಿದೀರ ಸಾರ್?’

ಬ್ರೇಕ್ ಇತ್ತು. ಪುಟದ ಕೊನೆಗೆ, ಫ್ಲಾಸ್ಕು ಮತ್ತು ಜಮಖಾನದ ಕೆಳಗೆ.

ಆ ಪುಟವನ್ನು ನಾನು ಆಮೇಲೆ ಬಹಳ ಸಲ ನೋಡಿದ್ದೇನೆ. ನನ್ನ ಒಳಗನ್ನು ಅಷ್ಟು ನೇರವಾಗಿ ಬೇರೆಲ್ಲೂ ನಾನು ಬರೆದಿಟ್ಟಿಲ್ಲ. ಮೇಲಿನಿಂದ ಕೆಳಗಿನವರೆಗೆ ಇರುವುದೆಲ್ಲ ಕಾರು ಕೆಟ್ಟು ನಿಲ್ಲಬಾರದು ಎಂಬುದಕ್ಕೆ. ಜೀವ ಉಳಿಸುವ ಸಾಮಾನು ಒಂದೇ, ಅದೂ ಕೊನೆಗೆ. ಬಾನೆಟ್ ಎತ್ತಿಕೊಂಡು ಬಸ್‌ಸ್ಟ್ಯಾಂಡ್ ಎದುರು ನಿಂತಿರುವ ನಾನು, ಸುತ್ತ ಸೇರಿದ ಜನ, ‘ಮೇಷ್ಟ್ರ ಮಗ ಅಲ್ವಾ, ಹಳೇ ಗಾಡಿ ತಗೊಂಡಿದಾನೆ ಪಾಪ’ ಎಂಬ ಒಂದು ದನಿ: ಇದನ್ನು ನೆನೆಸಿಕೊಂಡರೆ ಬೆವರುತ್ತಿದ್ದೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಬ್ರೇಕ್ ಹಿಡಿಯದೆ ಹೋಗುವುದನ್ನು ನೆನೆಸಿಕೊಂಡು ಒಂದು ರಾತ್ರಿಯೂ ನಿದ್ದೆ ಕೆಟ್ಟಿರಲಿಲ್ಲ. ನನಗೆ ಪ್ರಾಣಭಯಕ್ಕಿಂತ ಮಾನಭಯ ದೊಡ್ಡದು. ಇದು ವಿಶೇಷವೇನಲ್ಲ, ಕೆಳಮಧ್ಯಮ ವರ್ಗದ ಮನೆಗಳಲ್ಲಿ ಬೆಳೆದವರಿಗೆ ಇದು ಎದೆಹಾಲಿನ ಜತೆ ಬಂದದ್ದು. ಆದರೆ ಐವತ್ತೆಂಟರಲ್ಲೂ ಅದು ನನ್ನ ಪೆನ್ನು ಹಿಡಿದು ಪಟ್ಟಿ ಬರೆಸುತ್ತದೆ ಎಂದು ಗೊತ್ತಿರಲಿಲ್ಲ.

ಮೇಸ್ತ್ರಿ ಗಾಡಿ ಜಾಕ್ ಏರಿಸಿದರು. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಈಗಿನ ಕಾರುಗಳ ಹಾಗೆ ಕಾಲಿಗೆ ಬಲ ಸೇರಿಸುವ ಬೂಸ್ಟರ್ ಇಲ್ಲ. ಎಷ್ಟು ತುಳಿಯುತ್ತೀರೋ ಅಷ್ಟೇ. ಘಾಟಿ ಇಳಿಯುವಾಗ ಕಾಲು ಬ್ರೇಕಿನ ಮೇಲೇ ಇದ್ದರೆ ಡ್ರಮ್ ಕಾದು ಹಿಗ್ಗುತ್ತದೆ, ಲೈನಿಂಗ್ ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ವಸ್ತು. ಹಳೆಯದಾದಷ್ಟೂ ಅದರಲ್ಲಿ ನೀರು ಸೇರಿರುತ್ತದೆ, ಕಾದಾಗ ಆ ನೀರು ಆವಿಯಾದರೆ ಪೆಡಲ್ ನೆಲದವರೆಗೂ ಇಳಿಯುತ್ತದೆ, ಗಾಡಿ ಮಾತ್ರ ಇಳಿಜಾರಿನ ಮಾತು ಕೇಳುತ್ತದೆ. ಎಡಗಡೆ ಹಿಂದಿನ ಡ್ರಮ್ ಬಿಚ್ಚಿದಾಗ ವೀಲ್ ಸಿಲಿಂಡರಿನ ರಬ್ಬರ್ ಕೆಳಗೆ ಸಣ್ಣ ಒದ್ದೆ ಗುರುತು. ಮೇಸ್ತ್ರಿ ಅದನ್ನು ಬೆರಳಿನಿಂದ ಒರೆಸಿ ಮೂಗಿನ ಹತ್ತಿರ ಹಿಡಿದರು, ಆಮೇಲೆ ನನ್ನ ಮೂಗಿನ ಹತ್ತಿರ. ಮಾತಾಡಲಿಲ್ಲ.

ಮಾಸ್ಟರ್ ಸಿಲಿಂಡರ್ ಕಿಟ್, ನಾಲ್ಕೂ ಕಡೆ ವೀಲ್ ಸಿಲಿಂಡರ್, ಹೊಸ ಲೈನಿಂಗ್, ಹೊಸ ರಬ್ಬರ್ ಹೋಸ್. ಕೊನೆಗೆ ಬ್ಲೀಡಿಂಗ್. ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಅವರು ಕೆಳಗೆ ಮಲಗಿ, ನಿಪ್ಪಲ್ಲಿಗೆ ಸಣ್ಣ ಪೈಪು ಸಿಕ್ಕಿಸಿ ಬಾಟಲಿಯೊಳಗೆ ಬಿಟ್ಟರು. ‘ಒತ್ತಿ ಸಾರ್… ಒತ್ತಿ… ಹಿಡ್ಕೊಳಿ.’ ಸ್ಪ್ಯಾನರ್ ತಿರುಗಿದಾಗ ಪೆಡಲ್ ಕಾಲಡಿ ಕುಸಿಯುತ್ತದೆ. ಬಾಟಲಿಯಲ್ಲಿ ಫಿಲ್ಟರ್ ಕಾಫಿ ಡಿಕಾಕ್ಷನ್ನಿನ ಬಣ್ಣದ ಆಯಿಲ್ ಬಂದು ಬೀಳುತ್ತದೆ, ಜತೆಗೆ ಗುಳ್ಳೆ. ‘ಬಿಡಿ. ಮತ್ತೆ ಒತ್ತಿ.’ ಗುಳ್ಳೆ ನಿಂತು, ಬಣ್ಣ ತಿಳಿಯಾಗುವವರೆಗೆ ನನ್ನ ಕೆಲಸ ಒಂದು ಕಾಲಾಗಿರುವುದಷ್ಟೇ. ಆ ಕಾರಿನೊಳಗೆ ಯಾರೂ ನೋಡದ ಹೊತ್ತಿನಲ್ಲಿ ನಾನು ಕೂತದ್ದು ಬಹುಶಃ ಅದೇ ಮೊದಲು. ಹಿತವಾಗಿತ್ತು ಎಂದು ಹೇಳಿದರೆ ನಂಬಬೇಕು.

ಟೈರಿನದ್ದು ಬೇರೆ ಕತೆ. ಪಾಲಿಷ್ ಹಾಕಿ ಮಿರಮಿರ ಮಿಂಚಿಸಿಟ್ಟಿದ್ದೆ, ಗುಂಡಿಗಳೆಲ್ಲ ಹೊಸದರ ಹಾಗೆ ಆಳವಾಗಿದ್ದವು. ಮೇಸ್ತ್ರಿ ಟಾರ್ಚ್ ಹಿಡಿದು ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿ ಓದಿಸಿದರು: 1412. ಅಂದರೆ 2012ರ ಹದಿನಾಲ್ಕನೇ ವಾರದಲ್ಲಿ ಹುಟ್ಟಿದ್ದು. ಸವೆಯದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ಪಾಲಿಷಿನ ಕೆಳಗಿಂದ ಕೂದಲೆಳೆಯಂಥ ಬಿರುಕುಗಳು ಬಾಯಿ ಬಿಟ್ಟವು. ನಾಲ್ಕೂ ಬದಲಾಯಿಸಿ ಸ್ಟೆಪ್ನಿಯನ್ನೂ ಬದಲಾಯಿಸಿದ್ದಾಯಿತು. ಬಂಪರಿಗೆ ಕ್ರೋಮ್ ಹೊಡೆಸುವಾಗ ಚೌಕಾಸಿ ಮಾಡದ ನಾನು ಟೈರಿನ ಅಂಗಡಿಯಲ್ಲಿ ಬಾಯಿ ನೋಯುವಷ್ಟು ಚೌಕಾಸಿ ಮಾಡಿದೆ.

ಪೆಟ್ರೋಲಿನ ವಿಷಯದಲ್ಲೂ ಹೊಸ ತಲೆನೋವಿದೆ. ಈಗ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತದ್ದು. ಆ ಕಾಲದ ರಬ್ಬರಿಗೆ ಅದು ಆಗಿಬರುವುದಿಲ್ಲ: ಹೋಸು ಮೆತ್ತಗಾಗುತ್ತದೆ, ಪಂಪಿನ ಡಯಾಫ್ರಮ್ ಕೆಡುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ಟ್ಯಾಂಕಿನ ತಳದಲ್ಲಿ ನೀರು ಕೂತು ತುಕ್ಕು ಹಿಡಿಯುತ್ತದೆ. ಹೋಸುಗಳನ್ನೆಲ್ಲ ಎಥೆನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿದ್ದೇವೆ. ಬಿಸಿಲಿನಲ್ಲಿ ಏರು ಹತ್ತುವಾಗ ಪಂಪಿನೊಳಗೆ ಪೆಟ್ರೋಲ್ ಆವಿಯಾಗಿ ಇಂಜಿನ್ ಆರಿದರೆ, ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವುದು ಹಳೆಯ ಟ್ಯಾಕ್ಸಿಯವರ ಮದ್ದು. ಒಂದು ಹಳೆ ಪಂಚೆಯ ತುಂಡು ಡಿಕ್ಕಿಯಲ್ಲಿದೆ.

ಟ್ಯಾಕ್ಸಿ ಅಂದಾಗ ಇನ್ನೊಂದು ಮಾತು ಹೇಳಬೇಕು. ಮುಂಬೈನ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಇಳಿಯಿತು. ಅದರ ನೋಂದಣಿ 2003ರದ್ದು, ಟ್ಯಾಕ್ಸಿಗೆ ಅಲ್ಲಿ 20 ವರ್ಷದ ಮಿತಿ. ನನ್ನದು ಅದಕ್ಕಿಂತ 24 ವರ್ಷ ಹಳೆಯದು, ಅದೇ 1089 ಸಿ.ಸಿ. ಇಂಜಿನ್, ಹೊಗೆಯೂ ಅದೇ. ಆದರೆ ನನ್ನದು ಖಾಸಗಿ ಗಾಡಿ: ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಂಡು ಓಡಿಸಬಹುದು. 2021ರ ನಿಯಮದ ಪ್ರಕಾರ 50 ವರ್ಷ ದಾಟಿದರೆ ವಿಂಟೇಜ್ ಎಂಬ ಬಿರುದೂ ಸಿಗುತ್ತದೆ. 2029ಕ್ಕೆ ಅರ್ಜಿ ಹಾಕಬಹುದು. ಅಲ್ಲಿಂದ ಮುಂದೆ ದಿನಬಳಕೆಗೆ ಓಡಿಸುವಂತಿಲ್ಲ, ಅದು ಬೇರೆ. ಅನ್ನ ಹುಟ್ಟಿಸುತ್ತಿದ್ದ ಪದ್ಮಿನಿ ಗುಜರಿಗೆ ಹೋಯಿತು, ಶೋಕಿಗೆ ಇಟ್ಟ ಪದ್ಮಿನಿಗೆ ಸಿಗ್ನಲ್ಲಿನಲ್ಲಿ ಸಲಾಮು. ನನ್ನ ಬಾನೆಟ್ ಮೇಲಿರುವ ಲಾಂಛನ ಶಿವಾಜಿನಗರದ ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದು. ಯಾರೋ ಒಡೆಸಿದ ಗಾಡಿಯದ್ದು. ಅದನ್ನು ಉಜ್ಜಿ ಹೊಳಪಿಸುವಾಗ ಹಿಗ್ಗುತ್ತಿದ್ದೆ. ಆ ಇನ್ನೊಬ್ಬನನ್ನು ನೆನೆಯಲಿಲ್ಲ. ನಮ್ಮ ಬೀದಿಯಲ್ಲಿ ತರಕಾರಿ ತರುವ ಹಳೇ ಟೆಂಪೋ ಹೊಗೆ ಬಿಟ್ಟರೆ ಮೂಗು ಮುಚ್ಚಿಕೊಂಡು ಬೈಯುವವರಲ್ಲಿ ನಾನೂ ಇದ್ದೇನೆ.

(ಪ್ರೀಮಿಯರ್ ಕಂಪನಿ ಕಟ್ಟಿದ ವಾಲಚಂದ್ ಹೀರಾಚಂದ್ ಅವರೇ 1940ರಲ್ಲಿ ಮೈಸೂರು ಸಂಸ್ಥಾನದ ಜತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ, ಅಂದರೆ ಇಂದಿನ ಎಚ್‌ಎಎಲ್ ಶುರುಮಾಡಿದ್ದು. ಕಾರಿನ ಬಗ್ಗೆ ಜನ ಕೇಳಿದಾಗ ಇದನ್ನು ಹೇಳುವುದು ನನಗೆ ರೂಢಿ. ಮಾತು ಬೇಗ ಅಪ್ಪನಿಂದ ಆಚೆ ಸರಿಯುತ್ತದೆ.)

ಹೊರಡುವ ಮಾತು ಬಂದಾಗ ಮಗಳು ಹಿಂದಿನ ಸೀಟಿನಲ್ಲಿ ಕೂತು ಎರಡೂ ಕಡೆ ತಡಕಿದಳು. ‘ಅಪ್ಪಾ, ಇದ್ರಲ್ಲಿ ಬೆಲ್ಟ್ ಎಲ್ಲಿ?’ ಇಲ್ಲ. ಮುಂದೆ ನಾನು ಹಾಕಿಸಿದ್ದು ಎರಡಿವೆ, ಹಿಂದೆ ಇಲ್ಲ. ಏರ್‌ಬ್ಯಾಗ್ ಮಾತಂತೂ ದೂರ. ‘ಹಳೇ ಗಾಡಿ, ಗಟ್ಟಿ ತಗಡು’ ಅಂದೆ. ಅವಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಗಟ್ಟಿ ತಗಡು ಗುದ್ದನ್ನು ಹೀರುವುದಿಲ್ಲ, ಒಳಗಿನವರಿಗೆ ಹಾಗೇ ದಾಟಿಸುತ್ತದೆ ಎಂದಳು. ಗೊತ್ತಿದ್ದ ವಿಷಯವೇ. ಅವಳನ್ನೂ ಅವಳ ಅಮ್ಮನನ್ನೂ ಕೂರಿಸಿಕೊಂಡು ಹೋಗುವ ಆಸೆ ನನಗೇಕೆ ಅಷ್ಟು ಎಂದು ಕೇಳಿಕೊಂಡೆ. ಊರಲ್ಲಿ ಫಿಯಟ್ಟಿನಲ್ಲಿ ಹೋಗುತ್ತಿದ್ದ ಡಾಕ್ಟರು ಒಬ್ಬರೇ ಇರುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಸೀರೆ ಸೆರಗು, ಎಣ್ಣೆ ಹಾಕಿ ಬಾಚಿದ ಮಕ್ಕಳ ತಲೆ ಕಾಣುತ್ತಿದ್ದವು. ಆ ಚಿತ್ರ ತುಂಬಲು ನನಗೆ ಇವರಿಬ್ಬರು ಬೇಕಾಗಿದ್ದರು. ಅವರು ಶಿವಮೊಗ್ಗದವರೆಗೆ ರೈಲಿನಲ್ಲಿ, ಅಲ್ಲಿಂದ ಟ್ಯಾಕ್ಸಿಯಲ್ಲಿ ಬರುತ್ತಾರೆ ಎಂದು ತೀರ್ಮಾನವಾಗಿದೆ. ಹೆಂಡತಿಗೆ ನಿರಾಳ.

ಹಾಗಾದರೆ ನಮ್ಮೂರ ಮೂಲಕ ಹೋಗುವುದನ್ನು ಬಿಟ್ಟೆನೇ? ಬಿಟ್ಟಿಲ್ಲ. ಇಷ್ಟೆಲ್ಲ ಬಗೆದು ನೋಡಿದ ಮೇಲೆ ಆಸೆ ಹೋಗಬೇಕಿತ್ತು, ಹೋಗಿಲ್ಲ. ಗಾಜು ಇಳಿಸುತ್ತೇನೆ, ಮೊಣಕೈಯನ್ನೂ ಹೊರಗೆ ಹಾಕುತ್ತೇನೆ. ಬಸ್‌ಸ್ಟ್ಯಾಂಡ್ ಎದುರು ಕಾರು ಕೈಕೊಟ್ಟರೆ ಇಳಿದು ಬಾನೆಟ್ ಎತ್ತುತ್ತೇನೆ. ಯಾರಾದರೂ ಅಪ್ಪನ ಕಾರಾ ಎಂದು ಕೇಳಿದರೆ, ಅಲ್ಲ, ಅವರದ್ದು ಸೈಕಲ್ಲು ಎಂದು ಹೇಳಬೇಕು ಎಂದುಕೊಂಡಿದ್ದೇನೆ. ಬೆಂಗಳೂರಿನಲ್ಲಿ ಇನ್ನೂ ಒಂದು ಸಲವೂ ಹೇಳಿಲ್ಲ.

ಮಳೆಗಾಲ ಮುಗಿದು ಘಾಟಿ ಒಣಗಿದ ಮೇಲೆ, ಡಿಸೆಂಬರಿನಲ್ಲಿ ಹೊರಡುತ್ತೇನೆ. ಮೇಸ್ತ್ರಿ ಹೇಳಿಕೊಟ್ಟಂತೆ ಆಗುಂಬೆಯನ್ನು ಕೆಳ ಗೇರಿನಲ್ಲೇ, ಕಾಲನ್ನು ಬ್ರೇಕಿನಿಂದ ಆಗಾಗ ಎತ್ತುತ್ತಾ ಇಳಿಯುತ್ತೇನೆ, ಬಹಳ ನಿಧಾನವಾಗಿ. ಆ ಹೊತ್ತಿಗೆ ನೀವು ನನ್ನ ಹಿಂದೆ ಬರುತ್ತಿದ್ದರೆ ದಯವಿಟ್ಟು ಹಾರ್ನ್ ಹೊಡೆಯಬೇಡಿ, ಫೋಟೋ ತೆಗೆಯಲು ಹತ್ತಿರ ಬರಬೇಡಿ. ಪದ್ಮಿನಿಯ ಹಿಂದಿನ ದೀಪ ತೀರ ಚಿಕ್ಕದು, ಬ್ರೇಕ್ ಒತ್ತಿದ್ದು ತಡವಾಗಿ ಕಾಣುತ್ತದೆ. ನಾಲ್ಕು ಗಾಡಿ ನಿಲ್ಲುವಷ್ಟು ಅಂತರ ಬಿಟ್ಟುಕೊಂಡು ಬನ್ನಿ, ಘಾಟಿಯ ಬುಡದ ಸೋಮೇಶ್ವರದಲ್ಲಿ ಪಕ್ಕಕ್ಕೆ ನಿಲ್ಲಿಸಿ ದಾರಿ ಬಿಡುತ್ತೇನೆ.